ಕೂಗುವ ತನಕ

ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಹೇಂಟೆಯೊಂದು ಮರಿ ಮಾಡಿಕೊಂಡು ಬುಟ್ಟಿಯಿಂದ ಇಳಿಯಿತೆಂದರೆ ನೋಡಲು ಬಂದವರೆಲ್ಲ ತಜ್ಞರೇ. ಅಡಿಕೆ ಸುಲಿಯಲು ಬಂದವರು, ಕರೆಂಟ್ ಬಿಲ್ ಕೊಡಲು ಬಂದವರು, ಮದುವೆ ಕರೆಯಲು ಬಂದವರು, ಯಾರೇ ಆಗಲಿ, ಜಗಲಿಗೆ ಹತ್ತುವ ಮೊದಲು ಒಂದು ಹೂಮರಿಯನ್ನು ಅಂಗೈಗೆ ಎತ್ತಿಕೊಂಡು, ಕಣ್ಣು ಕಿರಿದು ಮಾಡಿ, "ಇದು ಹುಂಜ" ಎಂದು ತೀರ್ಪು ಕೊಟ್ಟೇ ಕಾಲು ತೊಳೆಯುವುದು. ಕಾರಣ ಕೇಳಬಾರದು. ಕೇಳಿದರೆ, "ನೋಡಿದ್ರೆ ಗೊತ್ತಾಗಲ್ವಾ ಮಾರಾಯ" ಎಂಬ ಉತ್ತರ ಬರುತ್ತದೆ. ನೋಡಿದರೂ ಗೊತ್ತಾಗದ ನಾವು ಸುಮ್ಮನಾಗುತ್ತೇವೆ.

ಈ ವಿದ್ಯೆಗೊಂದು ಅನುಕೂಲವಿದೆ. ಕಣ್ಣು ಮುಚ್ಚಿಕೊಂಡು ಹೇಳಿದರೂ ಅರ್ಧ ಸರಿ ಬರುತ್ತದೆ. ಸರಿ ಬಂದದ್ದನ್ನು ಹೇಳಿದವರು ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾರೆ. ತಪ್ಪಾದದ್ದು ಹೊರಬೀಳುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದು, ಹೇಳಿದವರು ಮರೆತು, ಕೇಳಿದವರು ಮರೆತು, ಎಷ್ಟೋ ಸಲ ಮರಿಯೇ ಮುಂಗುಸಿಯ ಪಾಲಾಗಿ ಸಾಕ್ಷ್ಯನಾಶವೂ ಆಗಿರುತ್ತದೆ. ಇಷ್ಟು ಸುರಕ್ಷಿತವಾದ ಭವಿಷ್ಯ ಟೀವಿಯಲ್ಲಿ ಬೆಳಿಗ್ಗೆ ಬರುವ ಗುರೂಜಿಗಳಿಗೂ ಸಿಕ್ಕಿಲ್ಲ.

ನಮ್ಮ ದೊಡ್ಡಮ್ಮನ ಪ್ರಕಾರ ವಿಚಾರಣೆ ಮೊಟ್ಟೆಯಿಂದಲೇ ಶುರುವಾಗಬೇಕು. ಹೇಂಟೆಗೆ ಕಾವು ಬಂದು, ಮುಟ್ಟಲು ಹೋದರೆ ಗರಿ ಕೆದರಿಕೊಂಡು ಗೊರಗುಟ್ಟತೊಡಗಿದ ಮೇಲೆ, ಹಳೇ ಬುಟ್ಟಿಯೊಂದಕ್ಕೆ ಬೂದಿ ಹರಡಿ, ಮೇಲೆ ಒಣಹುಲ್ಲು ಹಾಸುತ್ತಾರೆ. ಮೊಟ್ಟೆಗಳ ಸಂಖ್ಯೆ ಬೆಸ ಇರಬೇಕು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಹುಲ್ಲಿನ ಅಡಿ ಕಬ್ಬಿಣದ ಚೂರು, ದೃಷ್ಟಿಯಾಗದಿರಲೆಂದು ಒಂದು ಇದ್ದಿಲು. ಇಷ್ಟಾದ ಮೇಲೆ ಆಯ್ಕೆ. ತುದಿ ಚೂಪಗಿದ್ದರೆ ಹುಂಜ, ಗುಂಡಗಿದ್ದರೆ ಹೇಂಟೆ. ಆದ್ದರಿಂದ ಚೂಪಿನವೆಲ್ಲ ಆಮ್ಲೆಟ್ಟಿಗೆ, ಗುಂಡಗಿನವು ಬುಟ್ಟಿಗೆ. ಅರಿಸ್ಟಾಟಲ್ ಇದಕ್ಕೆ ಸರಿಯಾಗಿ ಉಲ್ಟಾ ಬರೆದಿಟ್ಟಿದ್ದಾನೆ: ಉದ್ದಕ್ಕೆ ಚೂಪಗಿರುವುದು ಹೆಣ್ಣು, ಗುಂಡಗಿರುವುದು ಗಂಡು. ಅವನ ನಂತರ ರೋಮಿನಲ್ಲಿ ಬೇಸಾಯದ ಬಗ್ಗೆ ಬರೆದ ಕೊಲುಮೆಲ್ಲ ಮಾತ್ರ ದೊಡ್ಡಮ್ಮನ ಪಕ್ಷ. ಇಬ್ಬರು ಪಂಡಿತರ ಈ ವ್ಯಾಜ್ಯವನ್ನು ನಮ್ಮ ಮನೆಯ ಕರಿ ಹೇಂಟೆಯೊಂದೇ ತೀರ್ಮಾನಿಸಿಬಿಡಬಹುದಿತ್ತು. ಯಾಕೆಂದರೆ ಒಂದೊಂದು ಹೇಂಟೆಯ ಮೊಟ್ಟೆಗೂ ಅದರದೇ ಒಂದು ಆಕಾರ ಇರುತ್ತದೆ. ಇಡುವ ಹೊಟ್ಟೆ ಹೇಗೋ ಮೊಟ್ಟೆ ಹಾಗೆ. ಕರಿ ಹೇಂಟೆ ಇಟ್ಟದ್ದೆಲ್ಲ ಚೂಪು. ಆ ಲೆಕ್ಕಕ್ಕೆ ಅದು ಬರೀ ಗಂಡುಮಕ್ಕಳ ತಾಯಿಯಾಗಬೇಕಿತ್ತು. ಆಗಲಿಲ್ಲ. ಇದನ್ನು ಎತ್ತಿ ತೋರಿಸಿದಾಗ ದೊಡ್ಡಮ್ಮ ಹೇಳಿದ್ದು: "ಅದಕ್ಕೆ ಮೊದಲಿಂದಲೂ ಬುದ್ಧಿ ನೆಟ್ಟಗಿಲ್ಲ."

ಇಪ್ಪತ್ತೊಂದನೆಯ ದಿನಕ್ಕೆ ಮರಿ ಹೊರಬಂದ ಮೇಲೆ ಎರಡನೆಯ ಸುತ್ತು. ಕಾಲು ಹಿಡಿದು ತಲೆಕೆಳಗಾಗಿ ತೂಗಿದಾಗ ಕತ್ತು ಮೇಲೆತ್ತಿ ನೋಡಿದರೆ ಹೇಂಟೆ, ಸುಮ್ಮನೆ ನೇತಾಡಿದರೆ ಹುಂಜ. ಕತ್ತಿನ ಚರ್ಮ ಹಿಡಿದು ಎತ್ತಿದಾಗ ಕಾಲು ಮಡಚಿಕೊಂಡರೆ ಹೇಂಟೆ, ಇಳಿಬಿಟ್ಟರೆ ಹುಂಜ. ಈ ಪರೀಕ್ಷೆಗಳಲ್ಲಿ ಮರಿಯ ಬಗ್ಗೆ ಏನೂ ತಿಳಿಯುವುದಿಲ್ಲ, ಮನುಷ್ಯರಿಗೆ ಗಂಡು ಹೆಣ್ಣಿನ ಬಗ್ಗೆ ಇರುವ ಅಭಿಪ್ರಾಯ ಮಾತ್ರ ತಿಳಿಯುತ್ತದೆ ಎಂದು ನನ್ನ ಗುಮಾನಿ. ಚಿಕ್ಕಪ್ಪನದು ಇನ್ನೂ ಒಂದು ಹೆಜ್ಜೆ ಮುಂದೆ. ಮರಿಗಳ ಮೇಲೆ ಗಿಡುಗ ಹಾರಿದ ಹಾಗೆ ಏನಾದರೂ ಬೀಸಿದರೆ ಹೆಣ್ಣು ಮರಿಗಳು ನೆಲಕ್ಕೆ ಅವಚಿಕೊಳ್ಳುತ್ತವೆ, ಗಂಡು ಮರಿ ಎದೆ ಸೆಟೆಸಿ ನಿಲ್ಲುತ್ತದೆ ಎಂದು ಎಲ್ಲೋ ಕೇಳಿಕೊಂಡು ಬಂದರು. ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ತಲೆಯ ಮೇಲಿದ್ದ ಹಾಳೆ ಟೊಪ್ಪಿಯನ್ನು ಅಂಗಳದ ಮೇಲೆ ಬೀಸಿ ಎಸೆದರು. ಮರಿಗಳಷ್ಟೂ ತಾಯಿಯ ರೆಕ್ಕೆಯಡಿ ಮಾಯ. ಎದೆ ಸೆಟೆಸಿ ನಿಂತದ್ದು ತಾಯಿ ಹೇಂಟೆ ಒಂದೇ. ಅದು ಟೊಪ್ಪಿಯನ್ನು ಕುಕ್ಕಿ ತೂತು ಮಾಡಿ, ಚಿಕ್ಕಪ್ಪನನ್ನು ದಣಪೆಯ ತನಕ ಅಟ್ಟಿಸಿಕೊಂಡು ಹೋಯಿತು.

ಅಷ್ಟು ಆತುರ ಯಾಕೆ ಎಂದರೆ, ಎಲ್ಲ ಆತುರದ ಹಿಂದೆ ಇರುವಂತೆ ಇಲ್ಲೂ ಲೆಕ್ಕಾಚಾರವೇ. ಹೇಂಟೆಯಾದರೆ ಮೊಟ್ಟೆ, ಮೊಟ್ಟೆಯಿಂದ ಮತ್ತೆ ಮರಿ. ಹುಂಜ ಒಡ್ಡಿಗೊಂದಿದ್ದರೆ ಸಾಕು. ಎರಡಾದರೆ ಜಗಳ, ಮೂರಾದರೆ ರಕ್ತಪಾತ. ಉಳಿದವಕ್ಕೆಲ್ಲ ಹುಟ್ಟುವ ಮೊದಲೇ ಬುಕಿಂಗ್ ಆಗಿರುತ್ತದೆ. ಚೌಡಿಗೊಂದು, ಭೂತಪ್ಪನಿಗೊಂದು, ಆರಿದ್ರ ಮಳೆಗೆ ಬರುವ ಅಳಿಯನಿಗೊಂದು. ಆಗುಂಬೆ ಘಾಟಿ ಇಳಿದರೆ ಮಾತ್ರ ದೇಶವೇ ಬೇರೆ. ಅಲ್ಲಿ ಕೋಳಿ ಅಂಕದ ಹುಂಜಕ್ಕೆ ಮೈ ನೀವುವುದೇನು, ಕಾಳು ಆರಿಸಿ ಹಾಕುವುದೇನು. ಕಾನೂನು ಬೇಡವೆಂದರೂ ಗದ್ದೆ ಬಯಲಲ್ಲಿ ಅವು ತೊಡೆಗೇರಿ ಕೂತಿರುತ್ತವೆ. ಘಟ್ಟದ ಕೆಳಗೆ ಹುಟ್ಟಿದ ಗಂಡು ಮರಿಗೆ ನಮ್ಮ ಕಡೆಯದಕ್ಕಿಂತ ಚಂದದ ಬಾಲ್ಯ ಸಿಗುತ್ತದೆ, ಮುಂದಿನದು ಏನೇ ಇರಲಿ.

ನಾವು ಹೀಗೆ ಟೊಪ್ಪಿ ಎಸೆದುಕೊಂಡು ಕೂತಿದ್ದರೆ ಜಪಾನಿನವರು ಇದನ್ನು ಯಾವತ್ತೋ ಬಗೆಹರಿಸಿಬಿಟ್ಟಿದ್ದರು. ಮಸುಯಿ ಮತ್ತು ಹಾಶಿಮೊಟೊ ಎಂಬ ಇಬ್ಬರು ವಿಜ್ಞಾನಿಗಳು 1920ರ ದಶಕದಲ್ಲಿ, ಹುಟ್ಟಿದ ದಿನದ ಮರಿಯನ್ನೇ ಎತ್ತಿ, ಮೆತ್ತಗೆ ಹಿಸುಕಿ ಹಿಕ್ಕೆ ತೆಗೆದು, ಗುದದ ಬಾಯಿಯನ್ನು ಬೆರಳಲ್ಲಿ ಬಿಡಿಸಿ ನೋಡುವ ವಿಧಾನ ಕಂಡುಹಿಡಿದರು. ಗಂಡಾದರೆ ಅಲ್ಲಿ ಕಂಡೂ ಕಾಣದಷ್ಟು ಸಣ್ಣ ಒಂದು ಉಬ್ಬು. ಆದರೆ ಕೆಲವು ಹೆಣ್ಣಿಗೂ ಉಬ್ಬು ಇರುತ್ತದೆ, ಕೆಲವು ಗಂಡಿನದು ಚಪ್ಪಟೆ ಇರುತ್ತದೆ. ಹಾಗಾಗಿ ಇದನ್ನು ಕಲಿಯಲು ಶಾಲೆಗಳೇ ಹುಟ್ಟಿಕೊಂಡವು. ಪಳಗಿದವರು ಪ್ರಖರವಾದ ಬಲ್ಬಿನಡಿ ಕೂತು ಗಂಟೆಗೆ ಸಾವಿರದಷ್ಟು ಮರಿಗಳನ್ನು ನೋಡಿ, ನೂರಕ್ಕೆ ತೊಂಬತ್ತೆಂಟು ಸರಿ ಹೇಳುತ್ತಾರೆ. ಹೇಗೆ ಹೇಳಿದಿರಿ ಎಂದರೆ ಅವರಲ್ಲೂ ಕೆಲವರಿಗೆ ಬಾಯಿ ಬಿಟ್ಟು ವಿವರಿಸಲು ಆಗುವುದಿಲ್ಲವಂತೆ. ನಮ್ಮ ಅಡಿಕೆ ಸುಲಿಯುವವರಿಗೂ ಜಪಾನಿನ ತಜ್ಞರಿಗೂ ಇರುವ ಸಾಮ್ಯ ಇದೊಂದೇ.

ಇಂಗ್ಲೆಂಡಿನ ಪನೆಟ್, ಅಂದರೆ ಪಿಯುಸಿಯಲ್ಲಿ ನಮ್ಮಿಂದ ಚೌಕ ಬರೆಸಿ ಬರೆಸಿ ಬೇಸರ ತರಿಸಿದ ಅದೇ ಪುಣ್ಯಾತ್ಮ, ಹಿಸುಕುವ ಗೋಜೇ ಬೇಡವೆಂದು ಹುಟ್ಟುವಾಗಲೇ ಮೈಬಣ್ಣದಿಂದ ಗಂಡು ಹೆಣ್ಣು ತಿಳಿಯುವ ತಳಿಯನ್ನು ಕೇಂಬ್ರಿಜ್ಜಿನಲ್ಲಿ ತಯಾರಿಸಿದ. ಆಮೇಲೆ ರೆಕ್ಕೆಯ ಗರಿ ನೋಡಿ ಹೇಳುವ ತಳಿಗಳು ಬಂದವು: ರೆಕ್ಕೆಯಂಚಿನ ಗರಿ ಮೇಲುಹೊದಿಕೆಯ ಗರಿಗಿಂತ ಉದ್ದವಿದ್ದರೆ ಹೆಣ್ಣು, ಸರಿಸಮ ಇದ್ದರೆ ಗಂಡು. ಅದಕ್ಕೆಂದೇ ತಂದೆತಾಯಿಯನ್ನು ಆರಿಸಿ ಕೂಡಿಸಿದ ಮರಿಗಳಲ್ಲಿ ಮಾತ್ರ ಈ ಗುರುತು ನಡೆಯುತ್ತದೆ. ನಮ್ಮ ನಾಟಿ ಕೋಳಿಯ ವಂಶವೃಕ್ಷದಲ್ಲಿ ಪಕ್ಕದ ಮನೆಯ ಹುಂಜ, ಹೊಳೆಯಾಚೆಯ ಹುಂಜ, ಹೆಬ್ಬಾಳದಿಂದ ಬಂದ ಗಿರಿರಾಜ ಎಲ್ಲರೂ ಕೈಯಾಡಿಸಿರುವುದರಿಂದ ಅಲ್ಲಿ ಯಾವ ಶಾಸ್ತ್ರವೂ ಹಿಡಿಯುವುದಿಲ್ಲ.

ಈ ವಿದ್ಯೆ ಕೈಗೆ ಬಂದ ಮೇಲೆ ಏನು ಮಾಡಿದರು? ಮೊಟ್ಟೆಯ ತಳಿಯ ಗಂಡು ಮೊಟ್ಟೆ ಇಡುವುದಿಲ್ಲ. ಮೈಯೂ ಬೇಗ ತುಂಬುವುದಿಲ್ಲ. ತಿಂದ ಕಾಳಿಗೂ ದಂಡ. ಹಾಗಾಗಿ ಹ್ಯಾಚರಿಗಳಲ್ಲಿ ಗುರುತು ಸಿಕ್ಕ ದಿನವೇ ಅವುಗಳ ಕತೆ ಮುಗಿಯುತ್ತದೆ. 2020ರಲ್ಲಿ ಬಂದ 'ಮಿನಾರಿ' ಸಿನಿಮಾದ ಕೊರಿಯನ್ ಗಂಡ ಹೆಂಡತಿ ಅಮೆರಿಕದಲ್ಲಿ ಮಾಡುವ ಕೆಲಸ ಇದೇ. ಹ್ಯಾಚರಿಯ ಚಿಮಣಿಯಿಂದ ಹೊಗೆ ಏಳುವುದನ್ನು ನೋಡಿ ಪುಟ್ಟ ಮಗ ಅದೇನೆಂದು ಕೇಳಿದಾಗ, ಅಲ್ಲಿ ಗಂಡು ಮರಿಗಳು ಹೋಗುತ್ತವೆ, ಅದಕ್ಕೇ ನಾವಿಬ್ಬರೂ ಉಪಯೋಗಕ್ಕೆ ಬರುವಂತಿರಬೇಕು ಎಂಬರ್ಥದ ಮಾತನ್ನು ಅಪ್ಪ ಹೇಳುತ್ತಾನೆ. ನೋಡುತ್ತಿದ್ದ ನಾನು ಯಾಕೋ ಎದ್ದು ಹೋಗಿ ಅಡುಗೆ ಮನೆಯಲ್ಲಿದ್ದ ಪಾತ್ರೆಗಳನ್ನು ತೊಳೆದಿಟ್ಟೆ. ಜರ್ಮನಿಯವರು 2022ರ ಜನವರಿ 1ರಿಂದ ಹೀಗೆ ಮರಿ ಕೊಲ್ಲುವುದನ್ನು ನಿಷೇಧಿಸಿ, ಮೊಟ್ಟೆಯೊಳಗಿಂದಲೇ ಒಂದು ಹನಿ ತೆಗೆದು ಪರೀಕ್ಷಿಸುವಂಥ ಯಂತ್ರಗಳ ಕಡೆ ಹೊರಳಿದ್ದಾರೆ. ನಮ್ಮಲ್ಲಿ ಇನ್ನೊಂದು ದಾರಿಯೂ ಇದೆ. ಬೀದಿಯಲ್ಲಿ ಬುಟ್ಟಿ ತುಂಬ ಗುಲಾಬಿ, ಹಸಿರು, ನೇರಳೆ ಬಣ್ಣ ಹಚ್ಚಿಕೊಂಡು ಚಿಂವ್‌ಗುಟ್ಟುತ್ತ ಬರುವ ಮರಿಗಳಿವೆಯಲ್ಲ, ಅವುಗಳಲ್ಲಿ ಬಹುಪಾಲು ಹೀಗೆ ತಿರಸ್ಕೃತವಾದ ಗಂಡುಗಳೇ.

ದೊಡ್ಡಮ್ಮನ ಒಡ್ಡಿಯಲ್ಲಿ ಗುರುತು ಇಷ್ಟು ಬೇಗ ಸಿಗುವುದಿಲ್ಲ. ಅಲ್ಲಿ ಅದು ತನ್ನ ಪಾಡಿಗೆ ತಾನೇ ಹೊರಬರಬೇಕು. ಒಂದೂವರೆ ತಿಂಗಳ ಸುಮಾರಿಗೆ ಕೆಲವು ಮರಿಗಳ ಜುಟ್ಟು ಮಾಸಲು ಹಳದಿ ಬಿಟ್ಟು ನಸುಗೆಂಪಿಗೆ ತಿರುಗುತ್ತದೆ. ಹೆಣ್ಣಿಗೆ ಆಗಲೇ ಲಕ್ಷಣವಾಗಿ ಬಾಲ, ಮೈತುಂಬ ಗರಿ. ಗಂಡಿಗೆ ಬೆನ್ನೆಲ್ಲ ಬೋಳು, ಭುಜದ ಮೇಲೆ ಮಾತ್ರ ನಾಲ್ಕು ಗರಿ, ಉದ್ದುದ್ದ ಕಾಲು. ಆ ವಯಸ್ಸಿನ ಹೈಸ್ಕೂಲು ಹುಡುಗರ ಗ್ರೂಪ್ ಫೋಟೋ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಮೂರು ತಿಂಗಳಾಗುವಾಗ ಸೊಂಟದ ಮೇಲಿನ ಗರಿ ನೋಡಬೇಕು. ಹೆಣ್ಣಿನದು ತುದಿ ದುಂಡಗೆ, ಗಂಡಿನದು ಸಪೂರ, ಚೂಪು, ಬಿಸಿಲಿಗೆ ಹೊಳೆಯುವಂಥದ್ದು. ಇದೊಂದು ಸುಳ್ಳು ಹೇಳುವುದಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ಬೇಲಿ ಗೂಟದ ಮೇಲೆ ಹಾರಿ ಕೂತು, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕತ್ತು ಚಾಚಿ ಮೊದಲ ಕೂಗು. ಎಣ್ಣೆ ಕಾಣದ ಬಾವಿ ರಾಟೆ ಅರ್ಧಕ್ಕೆ ನಿಂತ ಹಾಗೆ ಸ್ವರ ನಡುವೆಯೇ ಕಡಿದುಹೋಗುತ್ತದೆ. ಕೂಗಿದ ಪ್ರಾಣಿಗೇ ಗಾಬರಿ. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಚಿಕ್ಕಪ್ಪ ಲೋಟ ಕೆಳಗಿಟ್ಟು, "ಕೂಗ್ತಲ್ಲ ಅತ್ತಿಗೆ, ಭೂತಪ್ಪನದ್ದು ಆಯ್ತು" ಎನ್ನುತ್ತಾರೆ. ದೊಡ್ಡಮ್ಮ ನುಚ್ಚಿನ ತಟ್ಟೆಯಿಂದ ತಲೆ ಎತ್ತುವುದಿಲ್ಲ. "ಕೂಗಿದ್ದಲ್ಲ ಅದು. ಗಂಟಲಿಗೆ ಎಂತದೋ ಸಿಕ್ಕಿದೆ."

ಎಷ್ಟೋ ಹುಂಜಗಳಿಗೆ ದೊಡ್ಡಮ್ಮನ ಒಡ್ಡಿಯಲ್ಲಿ ಹೀಗೆ ವಾರಗಟ್ಟಲೆ ಗಂಟಲು ಕೆಟ್ಟಿರುತ್ತಿತ್ತು. ಮೊಟ್ಟೆ ಆರಿಸುವಾಗ ಅಷ್ಟು ಕಟ್ಟುನಿಟ್ಟಾಗಿರುವವರು, ಮರಿ ಓಡಾಡತೊಡಗಿದ ಮೇಲೆ ಹುಂಜ ಹೇಂಟೆಯ ಮಾತು ಬಂದರೆ ಒಳಗೆ ಹೋಗಿಬಿಡುತ್ತಿದ್ದರು. ಗುರುತು ಸಿಗುವ ತನಕ ಎಲ್ಲಕ್ಕೂ ಅದೇ ನುಚ್ಚು, ಅದೇ ಗೆದ್ದಲು, ರಾತ್ರಿ ಅದೇ ಮಂಕರಿ. ನಮ್ಮ ಕಡೆ ಹುಂಜದ ಆಯುಷ್ಯವೆಂದರೆ ನಮಗೆ ಗೊತ್ತಾಗದೆ ಇರುವಷ್ಟು ಕಾಲ, ಅದರ ಮೇಲೆ ದೊಡ್ಡಮ್ಮ ಗೊತ್ತಾಗದ ಹಾಗೆ ನಟಿಸುವಷ್ಟು ಕಾಲ.

ಹೇಂಟೆ ಮರಿ ಹೆಚ್ಚಾಯಿತೆಂದು ಸಂಭ್ರಮಪಡುತ್ತಿದ್ದ ಜಾಗ ನಮ್ಮ ಮನೆಯಲ್ಲಿ ಒಡ್ಡಿ ಒಂದೇ. ದೊಡ್ಡಮ್ಮನಿಗೆ ನಾಲ್ಕು ಜನ ಹೆಣ್ಣುಮಕ್ಕಳು. ಮೂರನೆಯ ಬಾಣಂತನದಲ್ಲಿ ನಮ್ಮ ಅಜ್ಜಿ ಕೋಣೆಗೆ ಇಣುಕಿ ನೋಡಲಿಲ್ಲವೆಂದೂ, ನಾಲ್ಕನೆಯದಕ್ಕೆ ಬಿಸಿನೀರು ಕಾಯಿಸಿದ್ದು ಕೆಲಸದವಳೆಂದೂ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಗರ್ಭದಲ್ಲಿರುವುದು ಯಾವುದೆಂದು ಹೇಳಕೂಡದು ಎಂಬ ಕಾನೂನು ಬಂದದ್ದು 1994ರಲ್ಲಿ. ದೊಡ್ಡಮ್ಮನ ಕಾಲಕ್ಕೆ ಸ್ಕ್ಯಾನಿಂಗೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಹೊಟ್ಟೆ ಚೂಪಗಿದ್ದರೆ ಗಂಡು, ಗುಂಡಗಿದ್ದರೆ ಹೆಣ್ಣು ಎನ್ನುವ ತಜ್ಞರು ಮಾತ್ರ ಇದ್ದರು.

ಒಂದು ಮಳೆಗಾಲದ ಸಂಜೆ ಕರೆಂಟು ಹೋಗಿ, ಒಲೆ ಮುಂದೆ ಕೂತು ಹಲಸಿನ ಬೀಜ ಸುಡುತ್ತಿದ್ದಾಗ ನಾನು ಓದಿದ್ದನ್ನು ಹೇಳಿದೆ. ಕೋಳಿಯಲ್ಲಿ ಮರಿ ಗಂಡೋ ಹೆಣ್ಣೋ ಎನ್ನುವುದು ತಾಯಿಯಿಂದ. ಹುಂಜದ್ದು ಎರಡೂ ಒಂದೇ ಥರದ ಕ್ರೋಮೋಸೋಮು, ಹೇಂಟೆಯದು ಬೇರೆಬೇರೆ. ಯಾವುದನ್ನು ಮೊಟ್ಟೆಗೆ ಹಾಕುತ್ತದೋ ಅದರ ಮೇಲೆ ಮರಿ. ಮನುಷ್ಯರಲ್ಲಿ ತಿರುಗುಮುರುಗು. ಅಲ್ಲಿ ಬೇರೆಬೇರೆ ಇರುವುದು ಗಂಡಸಿಗೆ.

ದೊಡ್ಡಮ್ಮ ಬೀಜವನ್ನು ಇಕ್ಕಳದಲ್ಲಿ ಹೊರಳಿಸಿದರು. "ಅಂದ್ರೆ?"

"ಅಂದ್ರೆ ಗಂಡಾಗದೆ ಇದ್ದದ್ದು ದೊಡ್ಡಪ್ಪನ ಕಡೆಯಿಂದ."

ಅವರು ಹಿಂತಿರುಗಿ ಗೋಡೆಯ ಮೇಲಿನ ಫೋಟೋ ನೋಡಿದರು. ಚಿಮಣಿ ಬೆಳಕಿಗೆ ದೊಡ್ಡಪ್ಪನ ಮೀಸೆ ಮಾತ್ರ ಕಾಣುತ್ತಿತ್ತು. "ಇದನ್ನ ಒಂದು ನಲವತ್ತು ವರ್ಷ ಮೊದಲು ಹೇಳ್ಬೇಕಿತ್ತು ಮಗಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕೋಳಿದು ತಾಯಿಯಿಂದ ಅಂತೀಯ. ಆದ್ರೆ ಹುಂಜದ ಮರಿ ಹೆಚ್ಚಾಯ್ತು ಅಂತ ಹೇಂಟೆಗೆ ಬೈದವರನ್ನ ನಾನು ನೋಡ್ಲೇ ಇಲ್ಲ" ಎಂದು ಸುಟ್ಟ ಬೀಜವನ್ನು ನನ್ನ ಕೈಗೆ ಹಾಕಿದರು. ಅದು ಕೈ ಸುಡುವಷ್ಟು ಬಿಸಿಯಿತ್ತು. ಬೇಕೆಂದೇ ಹಾಕಿದರೋ ಏನೋ.

ನನ್ನ ಮಗಳಿಗೆ ಈ ಚರಿತ್ರೆಯ ಹಂಗಿಲ್ಲ. ಬೆಂಗಳೂರಿನ ನಮ್ಮ ಲೇಔಟಿಗೆ ಬಣ್ಣದ ಮರಿಯವನು ಬಂದ ದಿನ ಗುಲಾಬಿ ಬಣ್ಣದ್ದೊಂದನ್ನು ಆರಿಸಿ, ಅಲ್ಲೇ ಲಕ್ಷ್ಮಿ ಎಂದು ನಾಮಕರಣ ಮಾಡಿದಳು. ಇವು ಗಂಡೇ ಇರುತ್ತವೆ ಪುಟ್ಟಿ ಎಂದು ನಾನು ಹೇಳುತ್ತಿರುವಾಗಲೇ ಆತ, "ಇಲ್ಲ ಸಾರ್, ಪ್ಯೂರ್ ಹೆಣ್ಣು, ದಿನಾ ಮೊಟ್ಟೆ" ಎಂದು ಗ್ಯಾರಂಟಿ ಕೊಟ್ಟ. ಗುಲಾಬಿ ಉದುರಿ ಬಿಳಿ ಗರಿ ಬಂತು. ಲಕ್ಷ್ಮಿಯ ಜುಟ್ಟು ದಿನೇದಿನೇ ಕೆಂಪಾಗಿ, ದೊಡ್ಡದಾಗಿ, ಒಂದು ಪಕ್ಕಕ್ಕೆ ವಾಲಿತು. ಮಗಳು ಅದಕ್ಕೆ ಜಡೆ ಎಂದಳು. ಕೂಗಿದ ದಿನವೂ ಹೆಸರು ಬದಲಿಸಲು ಒಪ್ಪಲಿಲ್ಲ.

ಹುಂಜ ಕೂಗಲು ಬೆಳಕೇ ಆಗಬೇಕಿಲ್ಲ, ಅದರ ಒಳಗೇ ಗಡಿಯಾರವಿದೆ ಎಂದು ನಾಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿಕೊಟ್ಟಿದ್ದಾರೆ. ತನ್ನ ಹುಂಜ ಕೂಗಿದರೇ ಊರಿಗೆ ಬೆಳಗಾಗುವುದು ಎಂದು ಬೀಗಿದ ಮುದುಕಿಗೆ ಇದು ಗೊತ್ತಿದ್ದರೆ ಇನ್ನಷ್ಟು ಬೀಗುತ್ತಿದ್ದಳು. ನಮ್ಮ ಲಕ್ಷ್ಮಿಯ ಗಡಿಯಾರ ಮೂರೂವರೆಗೆ ಇಟ್ಟಿತ್ತು. ಎದುರು ಮನೆಯ ನಿವೃತ್ತ ಎಂಜಿನಿಯರರು ಒಂದು ವಾರ ಸಹಿಸಿಕೊಂಡು, ಆಮೇಲೆ ಗೇಟಿನ ಬಳಿ ನಿಂತು ಬಹಳ ಮರ್ಯಾದೆಯಿಂದ, "ನಿಮ್ಮ ಲಕ್ಷ್ಮಿಗೆ ಸ್ನೂಜ್ ಇಲ್ವಾ ಸಾರ್?" ಎಂದು ಕೇಳಿದರು. ಆ ಶನಿವಾರವೇ ಲಕ್ಷ್ಮಿ ರಟ್ಟಿನ ಪೆಟ್ಟಿಗೆಯಲ್ಲಿ ಕೂತು, ಬಸ್ಸಿನಲ್ಲಿ ನಮ್ಮ ಕಾಲ ಬಳಿ ರಾತ್ರಿಯಿಡೀ ಪ್ರಯಾಣ ಮಾಡಿ, ಶಿವಮೊಗ್ಗ ಬರುವ ಮೊದಲೇ ಅಷ್ಟೂ ಜನರನ್ನು ಎಬ್ಬಿಸಿ, ದೊಡ್ಡಮ್ಮನ ಒಡ್ಡಿ ಸೇರಿತು. "ಏನೂ ಮಾಡಬಾರದು" ಎಂದು ಮಗಳು ದೊಡ್ಡಜ್ಜಿಯಿಂದ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ಚಿಕ್ಕಜ್ಜನಿಂದ ಹಾಕಿಸಿಕೊಳ್ಳಲು ಮರೆತಳು.

ಮರುವರ್ಷ ನಾವು ಹೋದಾಗ ಅಂಗಳದಲ್ಲಿ ಬಿಳಿ ಹುಂಜ ಕಾಣಲಿಲ್ಲ. ಅಡುಗೆ ಮನೆಯಿಂದ ಕಡುಬಿನ ಹಬೆಯ ಜೊತೆ ಸಾರಿನ ವಾಸನೆ ಬರುತ್ತಿತ್ತು. ಮಗಳು ಬಾಗಿಲಲ್ಲೇ ನಿಂತು, "ಲಕ್ಷ್ಮಿ ಎಲ್ಲಿ?" ಎಂದಳು. "ಮೇಯ್ಲಿಕ್ಕೆ ಹೋಗಿದೆ" ಎಂದರು ದೊಡ್ಡಮ್ಮ, ಚಿಕ್ಕಪ್ಪನ ಮುಖ ನೋಡುತ್ತ. ಚಿಕ್ಕಪ್ಪ, "ಕರ್ಕೊಂಡು ಬರ್ತೀನಿ, ತಡಿ" ಎಂದು ಚಪ್ಪಲಿ ಮೆಟ್ಟಿ ಹಿತ್ತಲ ದಾರಿ ಹಿಡಿದರು. ಅರ್ಧ ಗಂಟೆ ಬಿಟ್ಟು, ಕಂಕುಳಲ್ಲಿ ಒಂದು ಬಿಳಿ ಹುಂಜ ಒತ್ತಿಕೊಂಡು, ಏದುಸಿರು ಬಿಡುತ್ತ ಬಂದರು. "ತಗೋ ನಿನ್ನ ಲಕ್ಷ್ಮಿ. ಗುರ್ತು ಸಿಕ್ತಾ?"

ಮಗಳು ಹತ್ತಿರ ಹೋದಳು. ಮುಖ ನೋಡಲಿಲ್ಲ, ಜುಟ್ಟು ನೋಡಲಿಲ್ಲ. ಹುಂಜದ ಕಾಲು ಹಿಡಿದು, ಹೆಬ್ಬೆರಳಲ್ಲಿ ಹಿಂಬದಿಯನ್ನು ಸವರಿ, ಅಡಿಕೆ ಸುಲಿಯುವವರ ಹಾಗೆಯೇ ಕಣ್ಣು ಕಿರಿದು ಮಾಡಿದಳು. "ಚಿಕ್ಕಜ್ಜ, ಲಕ್ಷ್ಮಿಗೆ ಒಂದು ವರ್ಷದ ಮೇಲಾಯ್ತು. ಇದರ ಕಾಲಿಗೆ ಇನ್ನೂ ಮುಳ್ಳೇ ಬಂದಿಲ್ಲ. ಇದು ನಾಲ್ಕೈದು ತಿಂಗಳ ಮರಿ. ಯಾರ ಮನೇದು?"

ಚಿಕ್ಕಪ್ಪ ದೊಡ್ಡಮ್ಮನನ್ನು ನೋಡಿದರು. ದೊಡ್ಡಮ್ಮ ಕಡುಬಿನ ಪಾತ್ರೆಯ ಮುಚ್ಚಳ ತೆಗೆದು ಹಬೆಯೊಳಗೆ ಮುಖ ಮುಚ್ಚಿಕೊಂಡರು. ಅಷ್ಟರಲ್ಲಿ ಹಿತ್ತಲಾಚೆಯಿಂದ ಪಕ್ಕದ ಮನೆಯವರ ದನಿ ಕೇಳಿಸಿತು: "ಹ್ವಾಯ್, ಮಗು ನೋಡಿ ಆಯ್ತಾ? ನಮ್ಮ ಹುಂಜ ವಾಪಸ್ ಕೊಡಿ ಮಾರಾಯ್ರೇ, ನಾಳೆ ಚೌಡಿ ಪೂಜೆ ಉಂಟು!"

ಮಗಳು ಆ ಹುಂಜವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮಾಳಿಗೆ ಮೆಟ್ಟಿಲು ಹತ್ತಿದಳು. "ಇದು ಹುಂಜ ಅಲ್ಲ, ಇದಕ್ಕೆ ಗಂಟಲು ಸರಿ ಇಲ್ಲ ಅಂತ ಹೇಳಿ ಅವರಿಗೆ" ಎಂದು ಮೇಲಿನಿಂದ ಕೂಗಿ ಚಿಲಕ ಹಾಕಿಕೊಂಡಳು. ನಾವು ಊಟಕ್ಕೆ ಕೂರಲಿಲ್ಲ. ದೊಡ್ಡಮ್ಮ ಸೆರಗಿನಲ್ಲಿ ನಗು ಒತ್ತಿಕೊಂಡು, ಹುಂಜಕ್ಕೆ ಎಷ್ಟು ಕೊಟ್ಟರೆ ಪಕ್ಕದ ಮನೆಯವರು ಒಪ್ಪಬಹುದೆಂದು ಚಿಕ್ಕಪ್ಪನ ಹತ್ತಿರ ಚೌಕಾಸಿ ಶುರುಮಾಡಿದರು.